ನಿಂಬೆ ವಾಸನೆಯ ಗಾಂಜಾ, ಪಹಣಿ ಯಾರ ಹೆಸರಲ್ಲಿದೆ?

ಮೊನ್ನೆ ಚಾ ಅಂಗಡಿಯಲ್ಲಿ ಪಕ್ಕದೂರಿನ ಹುಡುಗ ಮೊಬೈಲ್ ಮುಂದೆ ಹಿಡಿದ. ‘ಅಣ್ಣಾ, ನಿಂಬೆ ವಾಸನೆಯ ಹೈಬ್ರಿಡ್ ಗಾಂಜಾ ಅಂತೆ. ತಂಪು ಹವೆಗೆ ಚೆನ್ನಾಗಿ ಬರುತ್ತಂತೆ. ನಮ್ಮ ಮಲೆನಾಡಿಗೆ ಹೇಳಿ ಮಾಡಿಸಿದಂಗಿದೆ.’ ವಿಡಿಯೊ ವಿದೇಶದ್ದು. ಅಲ್ಲಿಯ ಕಾನೂನು ಬೇರೆ, ಇಲ್ಲಿಯದು ಬೇರೆ ಅಂತ ಅದರಲ್ಲಿ ಯಾರೂ ಹೇಳಲಿಲ್ಲ.

ಆ ವಾಸನೆಗೆ ಕಾರಣ ಲಿಮೊನೀನ್. ಕಿತ್ತಳೆ ಸಿಪ್ಪೆ ಹಿಂಡಿದರೆ ಮೂಗಿಗೆ ಬಡಿಯುವುದೂ ಅದೇ. ಆದರೆ ಕಾನೂನು ವಾಸನೆ ನೋಡುವುದಿಲ್ಲ, ಗಿಡ ನೋಡುತ್ತದೆ. 1985ರ ಎನ್‌ಡಿಪಿಎಸ್ ಕಾಯ್ದೆಯ 20ನೇ ಕಲಂ ಪ್ರಕಾರ, ಪರವಾನಗಿ ಇಲ್ಲದೆ ಗಾಂಜಾ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ನಾಟಿಯಾದರೂ ಅಷ್ಟೇ, ಹೈಬ್ರಿಡ್ ಆದರೂ ಅಷ್ಟೇ.

ನನಗೆ ಹೆಚ್ಚು ಭಯ 46ನೇ ಕಲಂದು. ತನ್ನ ಜಮೀನಿನಲ್ಲಿ ಯಾರೋ ಗಾಂಜಾ ಬೆಳೆದದ್ದು ಗೊತ್ತಿದ್ದೂ ಪೊಲೀಸರಿಗೋ ಸಂಬಂಧಪಟ್ಟ ಅಧಿಕಾರಿಗೋ ತಿಳಿಸದಿದ್ದರೆ ಜಮೀನುದಾರನಿಗೂ ಶಿಕ್ಷೆ. ಗೇಣಿಗೆ ಕೊಟ್ಟು ಸುಮ್ಮನಿರುವವರು ಇದನ್ನು ಎರಡು ಸಲ ಓದಿ.

‘ಜೋಳದ ನಡುವೆ ಗಾಂಜಾ, ರೈತನ ಬಂಧನ’ ಎಂಬ ಸುದ್ದಿಗಳನ್ನು ನಾನೇ ಬರೆದಿದ್ದೇನೆ. ಪ್ರತಿ ಸಲ ಸಿಕ್ಕಿಬಿದ್ದವನು ಹೊಲದವನು. ಬೀಜ ಕೊಟ್ಟವನ ಫೋನ್ ಸ್ವಿಚ್ ಆಫ್. ಮಾಲು ಕೊಳ್ಳುವವನ ಹೆಸರು ಬರೆಯುವ ಭಾಗ್ಯ ನನಗಿನ್ನೂ ಬಂದಿಲ್ಲ. ಗಿಡ ಕಿತ್ತು ಫೋಟೊ ತೆಗೆಸಿಕೊಳ್ಳುವ ಪೊಲೀಸರು ಆ ಫೋನಿನ ಬೆನ್ನು ಹತ್ತದಿದ್ದರೆ ಮುಂದಿನ ವರ್ಷವೂ ನಾನು ಇದೇ ಸುದ್ದಿ ಬರೆಯಬೇಕು, ಊರಿನ ಹೆಸರು ಮಾತ್ರ ಬದಲು.

‘ನಾಲ್ಕೇ ಗಿಡ ಅಣ್ಣಾ, ಶುಂಠಿ ಮಧ್ಯೆ’ ಅಂದ ಹುಡುಗ.

ಪಹಣಿ ಯಾರ ಹೆಸರಲ್ಲಿದೆ ಅಂತ ಕೇಳಿದೆ.

‘ಅಜ್ಜಿ ಹೆಸರಲ್ಲಿ’ ಅಂದವನು ಮೊಬೈಲ್ ಜೇಬಿಗಿಟ್ಟ.