ಸೊಂಟದೊಳಗಿನ ಹೊಸ ವರ್ಷನ್

"ಲೇಟೆಸ್ಟ್" ಅಂದ ಕೂಡಲೇ ನಮ್ಮ ಜನ ಖುಷಿಯಾಗ್ತಾರೆ. ನಾನು ಸಾಫ್ಟ್‌ವೇರಿನವನು, ಹೊಸ ರಿಲೀಸಿನಲ್ಲಿ ಏನೇನು ಅಡಗಿರುತ್ತೆ ಅಂತ ನೋಡಿದವನು. ನನಗೆ ಭಯವಾಗುತ್ತೆ :-)

ಸೊಂಟದ ಕೀಲು ಬದಲಾಯಿಸೋ ವಿಷಯದಲ್ಲೂ ಅಷ್ಟೇ. 1960ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಕೃತಕ ಕೀಲನ್ನು ಸಿಮೆಂಟ್ ಹಾಕಿ ಕೂರಿಸೋದನ್ನು ಜನಪ್ರಿಯಗೊಳಿಸಿದರು. (ಮನೆ ಕಟ್ಟೋ ಸಿಮೆಂಟಲ್ಲ ಮಾರಾಯ್ರೆ, ಅದೊಂದು ಥರದ ಅಕ್ರಿಲಿಕ್.) ಸಿಮೆಂಟ್ ಇಲ್ಲದ ಕೀಲಿನ ಮೈ ತರಿತರಿಯಾಗಿರುತ್ತೆ. ಅದನ್ನು ಬಿಗಿಯಾಗಿ ಕೂರಿಸಿದರೆ ಆ ರಂಧ್ರಗಳೊಳಕ್ಕೆ ನಮ್ಮ ಮೂಳೆಯೇ ಬೆಳೆದು ಹಿಡಿದುಕೊಳ್ಳುತ್ತೆ. ಐಡಿಯಾ ಚೆನ್ನಾಗಿದೆ, ವಯಸ್ಸು ಕಡಿಮೆ ಇದ್ದವರಲ್ಲಿ ಚೆನ್ನಾಗಿಯೇ ನಡೆಯುತ್ತೆ. ಆದರೆ 75 ದಾಟಿದವರ ಮೂಳೆ ಟೊಳ್ಳಾಗಿರುತ್ತೆ. ತೊಡೆಮೂಳೆಯೊಳಗೆ ಕಡ್ಡಿಯನ್ನು ಬಡಿದು ಕೂರಿಸುವಾಗಲೋ, ಆಮೇಲೆ ಕೆಲವೇ ತಿಂಗಳಲ್ಲೋ ಮೂಳೆ ಸೀಳಬಹುದು. ಅಂಥವರಲ್ಲಿ ಕಡ್ಡಿಗೆ ಹಳೇ ಸಿಮೆಂಟೇ ವಾಸಿ ಅನ್ನೋದನ್ನು ಹಲವು ದೇಶಗಳ ರಿಜಿಸ್ಟ್ರಿಗಳು ತೋರಿಸಿವೆ. ನಮ್ಮ ದೊಡ್ಡಮ್ಮನಿಗೆ ಇದನ್ನು ಹೇಳಿದರೆ "ಹಳೇದು ಬಡವರಿಗೆ ಕಣೋ" ಅಂತಾರೆ!

ಡಿಪ್ಯೂ ಕಂಪನಿಯ ಎಎಸ್‌ಆರ್ ಕಥೆ ಗೊತ್ತಲ್ಲ? ಅದರ ಬಟ್ಟಲೂ ಸಿಮೆಂಟ್ ಇಲ್ಲದ್ದೇ. ಆದರೆ ಎಡವಟ್ಟಾಗಿದ್ದು ಮುಖ್ಯವಾಗಿ ಲೋಹಕ್ಕೆ ಲೋಹ ಉಜ್ಜಿದ್ದರಿಂದ. ಬಟ್ಟಲು ಆಳವಿರಲಿಲ್ಲ, ಅಂಚು ಸವೆದು ಕೋಬಾಲ್ಟ್, ಕ್ರೋಮಿಯಂ ಕಣಗಳು ಮೈಯೊಳಗೆ ಸೇರಿದವು, ಸುತ್ತಲಿನ ಮಾಂಸ ಹಾಳಾಯಿತು. ಅಮೆರಿಕದಲ್ಲಿ 2005ರಲ್ಲಿ ಇದರ ಒಂದು ಮಾದರಿಗೆ ಒಪ್ಪಿಗೆ ಸಿಕ್ಕಿದ್ದು ರೋಗಿಗಳ ಮೇಲೆ ಟ್ರಯಲ್ ಇಲ್ಲದೆ, "ಹಳೆಯದರ ಹಾಗೇ ಇದೆ" ಅಂತ. ನಾವು ಒಂದು ಪ್ಯಾಚ್ ಬಿಡೋಕೂ ಇದಕ್ಕಿಂತ ಜಾಸ್ತಿ ಟೆಸ್ಟ್ ಮಾಡ್ತೀವಿ ಸ್ವಾಮಿ.

ಇದನ್ನು ಮೊದಲೇ ಹಿಡಿದವರಲ್ಲಿ ಆಸ್ಟ್ರೇಲಿಯಾದ ರಿಜಿಸ್ಟ್ರಿ ಒಂದು. ಅಲ್ಲಿ ಯಾರಿಗೆ ಯಾವ ಮಾಡೆಲ್ ಹಾಕಿದರು, ಯಾವಾಗ ತೆಗೆದರು ಅನ್ನೋ ಲೆಕ್ಕ ಇಡ್ತಾರೆ. ಸ್ವೀಡನ್‌ನಲ್ಲಿ ಈ ಕೆಲಸ 1979ರಿಂದಲೇ ನಡೀತಿದೆ. ಎಎಸ್‌ಆರ್ ಆಸ್ಟ್ರೇಲಿಯಾದ ಮಾರುಕಟ್ಟೆಯಿಂದ 2009ರಲ್ಲೇ ಹೋಯಿತು, ಉಳಿದ ಕಡೆ ವಾಪಸ್ ತೆಗೆದುಕೊಂಡಿದ್ದು 2010ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಪ್ರಪಂಚದಲ್ಲಿ ಸುಮಾರು 93,000 ಜನರ ಮೈಯಲ್ಲಿ ಅದಿತ್ತು.

ನಮ್ಮಲ್ಲಿ? ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆ ಆಗಿದ್ದವು. ಕೇಂದ್ರ ಸರ್ಕಾರ ತಜ್ಞರ ಸಮಿತಿ ಮಾಡಿದ್ದು 2017ರಲ್ಲಿ. ಪರಿಹಾರದ ಮಾತು ಬಂದಾಗ 3,000ಕ್ಕೂ ಹೆಚ್ಚು ರೋಗಿಗಳು ಎಲ್ಲಿದ್ದಾರೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ! ನನಗೆ ಸಿಟ್ಟು ಬರೋದು ಇಲ್ಲೇ. ಕೆಟ್ಟ ಡಿಸೈನ್ ಯಾರಿಂದಲೂ ಆಗುತ್ತೆ, ಆದರೆ ಲಾಗ್ ಫೈಲೇ ಇಲ್ಲದ ಸಿಸ್ಟಂ ಹೇಗೆ ನಡೆಸ್ತೀರಿ? ಸರ್ಜನ್‌ಗಳ ಸಂಘದ್ದೊಂದು ರಿಜಿಸ್ಟ್ರಿ ಏನೋ ಇದೆ, ಮಾಹಿತಿ ಕೊಡೋದು ಅವರವರ ಇಷ್ಟ. ಅದನ್ನು ಕಡ್ಡಾಯ ಮಾಡಲಿ, ಆಧಾರ್‌ಗೆ ಇರೋ ಉತ್ಸಾಹದ ಕಾಲು ಭಾಗ ಸಾಕು.

ಅಲ್ಲೀತನಕ, ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗೋದಿದ್ದರೆ ಮಾಡೆಲ್ ಹೆಸರೇನು, ಹತ್ತು ವರ್ಷದ ದಾಖಲೆ ಇದೆಯಾ ಅಂತ ಡಾಕ್ಟರನ್ನು ಕೇಳಿ. ಡಬ್ಬಿಯ ಮೇಲಿನ ಲಾಟ್ ನಂಬರಿನ ಸ್ಟಿಕ್ಕರ್ ಕೇಳಿ ಇಸಕೊಂಡು ಒಂದು ಫೋಟೋನೂ ತೆಗೆದಿಡಿ. ಬ್ಲಾಗಿಗರಲ್ಲಿ ಮೂಳೆ ಡಾಕ್ಟರು ಯಾರಾದರೂ ಇದ್ದೀರಾ? ನಿಮ್ಮ ಆಸ್ಪತ್ರೆಯಲ್ಲಿ ಆ ಸ್ಟಿಕ್ಕರ್ ರೋಗಿಯ ಕೈಗೆ ಕೊಡ್ತೀರಾ?