ಲಾಯರ್ ಯಾಕ ನಮ್ಮಂಗ ಮಾತಾಡೂದಿಲ್ಲ?

ಸಂಜೆ ಏಳರಿಂದ ಹತ್ತರ ತನಕ ನಮ್ಮೂರು ಪುರ್ತಗೇರಿಯಲ್ಲಿ ಯಾರ ಮನೆಗೂ ಹೋಗಬೇಡಿ. ಹೋದರೆ ‘ಬರ್ರಿ, ಕುಂದರ್ರಿ’ ಅಂತಾರೆ, ಚಹಾನೂ ಬರುತ್ತದೆ, ಆದರೆ ಯಾರ ಕಣ್ಣೂ ನಿಮ್ಮ ಮೇಲಿರುವುದಿಲ್ಲ. ಜಾಹೀರಾತು ಬಂದಾಗಷ್ಟೇ ‘ಮತ್ತ, ನಿಮ್ಮ ಕಡೆ ಮಳಿ ಹೆಂಗ?’ ಎಂಬ ವಿಚಾರಣೆ. ಧಾರಾವಾಹಿ ಮತ್ತೆ ಶುರುವಾದರೆ ನಿಮ್ಮ ಮಳೆ ಅರ್ಧಕ್ಕೇ ನಿಲ್ಲುತ್ತದೆ. ನಾನೂ ಆ ಮಂದಿಯಲ್ಲೊಬ್ಬ. ಹಾಗಾಗಿ ಈ ವಾರದ ಅಂಕಣದಲ್ಲಿ ರಸ್ತೆ, ಬಸ್ಸು, ಗಟಾರ ಬಿಟ್ಟು, ಮನೆಯಲ್ಲಿ ಕೂತು ನೋಡಿದ್ದರ ಬಗ್ಗೆ ಬರೆಯುತ್ತೇನೆ. ಗಟಾರ ಮುಂದಿನ ವಾರವೂ ಅಲ್ಲೇ ಇರುತ್ತದೆ.

ನನ್ನ ತಕರಾರು ಒಂದೇ. ಕನ್ನಡ ಧಾರಾವಾಹಿಯಲ್ಲಿ ಯಾರಾದರೂ ನಮ್ಮಂಗ ಮಾತಾಡಿದರೆ ಅವರು ಅಡುಗೆಯವರು, ಇಲ್ಲವೇ ವಾಚ್‌ಮನ್, ಇಲ್ಲವೇ ಊರಿಂದ ಸಾಲ ಕೇಳಲು ಬಂದ ಸೋದರಮಾವ. ಬಾಯಿ ತೆರೆಯುವ ಮೊದಲೇ ಹಿಂದಿನಿಂದ ನಗೆ ಬರಿಸುವ ಸಂಗೀತ ಶುರು. ಮಾತು ಏನೇ ಇರಲಿ, ಕೊನೆಗೊಂದು ‘ಯಪ್ಪಾ’, ‘ಯವ್ವಾ’ ಸಿಕ್ಕಿಸಿದರೆ ಉತ್ತರ ಕರ್ನಾಟಕ ಆಯಿತು. ಡಾಕ್ಟರು, ಕಂಪನಿ ಮಾಲಕರು, ಎಸ್ಪಿ, ಲಾಯರು ಮಾತ್ರ ಬೆಂಗಳೂರು ಕನ್ನಡದವರು. ಧಾರವಾಡದಲ್ಲಿ 2008ರಿಂದ ಹೈಕೋರ್ಟ್ ಪೀಠವಿದೆ. ಅಲ್ಲಿ ಕಪ್ಪು ಕೋಟು ಹಾಕಿಕೊಂಡು, ಕಕ್ಷಿದಾರರಿಗೆ ‘ನೀವೇನ್ ಕಾಳಜಿ ಮಾಡಬ್ಯಾಡ್ರಿ, ಸ್ಟೇ ತರೂಣು’ ಎನ್ನುವ ವಕೀಲರನ್ನು ಬೇಕಾದಷ್ಟು ನೋಡಿದ್ದೇನೆ. ಟಿವಿಯಲ್ಲಿ ಅಂಥವರು ಕಾಣುವುದೇ ಇಲ್ಲ. ಟಿ.ಎನ್. ಸೀತಾರಾಮರ ಧಾರಾವಾಹಿಗಳ ಸಿಎಸ್‌ಪಿ ವಕೀಲರು ವಾದಕ್ಕೆ ನಿಂತರೆ ನಮ್ಮವ್ವ ಹಂಚಿನ ಮೇಲಿನ ರೊಟ್ಟಿ ಮರೆಯುತ್ತಿದ್ದಳು. ಅಂಥ ಕೋರ್ಟು ದೃಶ್ಯ ಆಮೇಲೆ ಬರಲಿಲ್ಲ ಅನ್ನುವುದು ನನ್ನ ಅಭಿಪ್ರಾಯವೂ ಹೌದು. ಆದರೆ ಸಿಎಸ್‌ಪಿಯೂ ಬೆಂಗಳೂರು ಕನ್ನಡದವರೇ.

ಮಾತು ಹಾಳಾಗಿ ಹೋಗಲಿ, ಸೀರೆಯನ್ನಾದರೂ ಸರಿಯಾಗಿ ಉಡಿಸುತ್ತಾರೆಯೇ? ಗಜೇಂದ್ರಗಡದಲ್ಲಿ ಮಗ್ಗದ ಮನೆಗಳಿವೆ. ಅಲ್ಲಿಯ ನಮ್ಮ ಪರಿಚಯದ ಕಾಕಾ ಒಬ್ಬರಿಗೆ ಧಾರಾವಾಹಿಯ ಕತೆ ಬೇಡ, ಸೆರಗು ಸಾಕು. ಹಳ್ಳಿಯ ಗೌಡತಿಯ ಪಾತ್ರ ಬಂದ ಕೂಡಲೇ ಕನ್ನಡಕ ಮೂಗಿಗೇರಿಸಿ, ‘ತಮಾ, ಇದು ಇಳಕಲ್ಲ ಅಲ್ಲ. ಸೆರಗಿನ್ಯಾಗ ತೋಪತೆನಿ ಎಲ್ಲೈತಿ? ಪ್ರಿಂಟ್ ಹೊಡದಾರ’ ಎಂದು ತೀರ್ಪು ಕೊಡುತ್ತಾರೆ. ಕೆಂಪು ರೇಷ್ಮೆ ಸೆರಗಿನಲ್ಲಿ ಬಿಳಿ ತೆನೆ ಎದ್ದು ಕಾಣಬೇಕು, ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಅದು ಬರೀ ಬಟ್ಟೆ. ಆ ಗೌಡತಿ ಮಲಗುವಾಗಲೂ ಸರ, ಬಳೆ, ಡಾಬು ತೆಗೆಯುವುದಿಲ್ಲ, ಅದು ಬೇರೆ ಮಾತು.

ಹಾಗಂತ ನಮ್ಮ ಮಾತನ್ನು ತೆರೆಯ ಮೇಲೆ ಸರಿಯಾಗಿ ತರುವುದು ಆಗದ ಕೆಲಸವೇನಲ್ಲ. 1990ರ ‘ಸಂತ ಶಿಶುನಾಳ ಶರೀಫ’, 1997ರ ‘ನಾಗಮಂಡಲ’ ಎರಡನ್ನೂ ಟಿ.ಎಸ್. ನಾಗಾಭರಣ ಮಾಡಿದರು, ಎರಡಕ್ಕೂ ಸಿ. ಅಶ್ವಥ್ ಸಂಗೀತ. ಇವು ಟಿವಿಯಲ್ಲಿ ಬಂದರೆ ನಮ್ಮ ಮನೆಯಲ್ಲಿ ರಿಮೋಟಿಗೆ ಯಾರೂ ಕೈ ಹಚ್ಚುವುದಿಲ್ಲ. ಶರೀಫರ ಚಿತ್ರಕ್ಕೆ ಭಾವೈಕ್ಯದ ರಾಷ್ಟ್ರ ಪ್ರಶಸ್ತಿ ಬಂತು. ನನಗೆ ಅದಕ್ಕಿಂತ ಹಿಡಿಸಿದ್ದು ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡರು ಕೂತ ಠೀವಿ. ‘ನಾಗಮಂಡಲ’ದ ಹಾಡುಗಳನ್ನು ಬರೆದ ಗೋಪಾಲ ವಾಜಪೇಯಿ ನಮ್ಮದೇ ಜಿಲ್ಲೆಯ ಲಕ್ಷ್ಮೇಶ್ವರದವರು. ಅಪ್ಪಣ್ಣನೂ ನಾಗನೂ ಆಗಿರುವ ಪ್ರಕಾಶ್ ರೈ ಕರಾವಳಿ ಮೂಲದವರು, ಕಲಿತು ಆಡಿದರು. ಹಗಲು ಗಂಡನಾಗಿ ಬಂದು ಗದರುವ ಅದೇ ಬಾಯಿ ರಾತ್ರಿ ನಾಗನಾಗಿ ಬಂದಾಗ, ಅದೇ ಭಾಷೆಯಲ್ಲಿ, ಎಷ್ಟು ಮೆತ್ತಗೆ ಮಾತಾಡುತ್ತದೆ ನೋಡಿ. ನಮ್ಮ ಮಾತಿನಲ್ಲಿ ಬೈಯುವುದಷ್ಟೇ ಅಲ್ಲ, ಹೆಣ್ಣಿನ ಮನಸ್ಸು ಕರಗಿಸುವುದೂ ಸಾಧ್ಯ ಎಂದು ತೋರಿಸಿದ ಚಿತ್ರ ಅದು. ಈ ಭಾಷೆ ಆಡುವ ಕಲಾವಿದರು ಸಿಗುವುದಿಲ್ಲ ಎಂದು ನೆಪ ಹೇಳುವವರು ಅದನ್ನೊಮ್ಮೆ ನೋಡಲಿ.

ಧಾರಾವಾಹಿಯಲ್ಲೂ ಆಗಿದೆ. ಈಟಿವಿ ಕನ್ನಡದಲ್ಲಿ ವೈಶಾಲಿ ಕಾಸರವಳ್ಳಿ ನಿರ್ದೇಶಿಸಿದ ‘ಮೂಡಲ ಮನೆ’ಯನ್ನು ಈ ಕಡೆಯ ಹೆಣ್ಣುಮಕ್ಕಳು ಇವತ್ತಿಗೂ ನೆನೆಯುತ್ತಾರೆ. ಅಲ್ಲಿ ಇಡೀ ಮನೆತನವೇ ನಮ್ಮ ಮಾತಾಡುತ್ತಿತ್ತು, ಯಾರೂ ನಗುತ್ತಿರಲಿಲ್ಲ, ಮಂದಿ ಅಳುತ್ತಿದ್ದರು. ಆಮೇಲೆ ಸುಮಾರು ವರ್ಷ ಸುಮ್ಮನಿದ್ದು, 2020ರಲ್ಲಿ ಕಲರ್ಸ್ ಕನ್ನಡದಲ್ಲಿ ‘ಗಿಣಿರಾಮ’ ಬಂತು. ಅದರಲ್ಲಿ ಆಯಿ ಸಾಹೇಬಾ ಪಾತ್ರದ ಗತ್ತು ಚೆನ್ನಾಗಿತ್ತು. ಮೊದಲ ಕೆಲ ತಿಂಗಳು ನಮ್ಮ ಓಣಿಯೆಲ್ಲ ಅದೇ ಮಾತು. ಆದರೆ ಎಳೆದೆಳೆದು ಅದೂ ಉಳಿದೆಲ್ಲ ಧಾರಾವಾಹಿಗಳ ದಾರಿ ಹಿಡಿಯಿತು. ಕತೆಯೂ ನಮ್ಮದಲ್ಲ, ಮರಾಠಿಯ ‘ಜೀವ್ ಝಾಲಾ ಯೇಡಾ ಪಿಸಾ’ದ ರೀಮೇಕು. ಮಾತು ನಮ್ಮದು, ಕತೆ ಗಡಿಯಾಚೆಯದು!

ಇನ್ನು ಈ ಅಂಕಣ ಬರೆಯಲು ಕಾರಣವಾದ ಸಿನಿಮಾಕ್ಕೆ ಬರುತ್ತೇನೆ. ‘ಶಿವಮ್ಮ ಯರೇಹಂಚಿನಾಳ’. ಯರೇಹಂಚಿನಾಳ ಪಕ್ಕದ ಕೊಪ್ಪಳ ಜಿಲ್ಲೆಯ ಊರು. ಜೈಶಂಕರ್ ಆರ್ಯರ್ ನಿರ್ದೇಶನ, ರಿಷಬ್ ಶೆಟ್ಟಿ ನಿರ್ಮಾಣ. 2022ರಲ್ಲಿ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಗೆದ್ದಿತು, 2024ರ ಜೂನ್‌ನಲ್ಲಿ ಟಾಕೀಸುಗಳಿಗೆ ಬಂತು. ನಾನು ಆಗ ನೋಡಲಿಲ್ಲ. ಮಗಳು ಹುಬ್ಬಳ್ಳಿಯಿಂದ ಬಂದಾಗ ಲ್ಯಾಪ್‌ಟಾಪಿನಲ್ಲಿ ಹಚ್ಚಿದಳು, ಮನೆಮಂದಿಯೆಲ್ಲ ಅದರ ಸುತ್ತ ಕೂತೆವು.

ಶಿವಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಗಂಡ ಹಾಸಿಗೆ ಹಿಡಿದಿದ್ದಾನೆ, ಮಗಳ ಮದುವೆ ಎದುರಿಗಿದೆ. ಅಂಥದ್ದರಲ್ಲಿ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ದುಡ್ಡು ಹಾಕಿ, ಶಕ್ತಿ ಬರುತ್ತದೆ ಎನ್ನುವ ಒಂದು ಪುಡಿಯನ್ನು ಮನೆಮನೆಗೆ ಮಾರಲು ಹೊರಡುತ್ತಾಳೆ. ಈ ಪಾತ್ರ ಮಾಡಿದ ಶರಣಮ್ಮ ಚೆಟ್ಟಿ ಸಿನಿಮಾ ನಟಿಯಲ್ಲ, ಉಳಿದವರೂ ಊರ ಮಂದಿಯೇ. ಶಿವಮ್ಮ ಮಂದಿಯನ್ನು ಒಪ್ಪಿಸುವ ಪರಿ ನೋಡಬೇಕು: ಮೊದಲು ಸಲಿಗೆ, ಆಮೇಲೆ ಹಕ್ಕು, ಅದಕ್ಕೂ ಬಗ್ಗದಿದ್ದರೆ ಸಿಟ್ಟು. ‘ಥೇಟ್ ನಮ್ಮ ಓಣ್ಯಾಗಿನಾಕಿ ಇದ್ದಂಗ ಅದಾಳ’ ಎಂದು ನಮ್ಮ ವೈನಿ ಮೂರ್ನಾಲ್ಕು ಸಲ ಹೇಳಿದರು. ಅಂಥ ಡಬ್ಬಿಗಳನ್ನು ಬಳಗದ ಮುಲಾಜಿಗೆ ಕೊಂಡು ಕಪಾಟಿನಲ್ಲಿಟ್ಟ ಮನೆಗಳು ನಮ್ಮಲ್ಲೂ ಉಂಟು. ಸಿನಿಮಾ ಶಿವಮ್ಮನನ್ನು ದೇವತೆ ಮಾಡುವುದಿಲ್ಲ, ಮೋಸಗಾರ್ತಿಯನ್ನೂ ಮಾಡುವುದಿಲ್ಲ. ಆಕೆ ಹಟಮಾರಿ, ಆಕೆಗೆ ಆಸೆಯಿದೆ, ಅಷ್ಟೇ. ಅಳುವ ಸಂಗೀತ ಹಾಕಿ ನಮ್ಮಿಂದ ಕಣ್ಣೀರು ಕೀಳುವುದೂ ಇಲ್ಲ. ನಡುನಡುವೆ ನಿಧಾನ ಅನ್ನಿಸಿತು, ನಮ್ಮ ತಮ್ಮ ಅರ್ಧಕ್ಕೇ ಎದ್ದು ಕ್ರಿಕೆಟ್ ನೋಡಲು ಹೋದ. ಆದರೂ ಈಚಿನ ವರ್ಷಗಳಲ್ಲಿ ನಾನು ಕಂಡ ಕನ್ನಡ ಚಿತ್ರಗಳಲ್ಲಿ ಇದಕ್ಕೇ ಮೊದಲ ಮಣೆ.

ಮಾತಿನ ವಿಷಯದಲ್ಲಿ ಕರಾವಳಿಯವರನ್ನು ನೋಡಿ. ಒಂದು ಕಾಲಕ್ಕೆ ಸಿನಿಮಾದಲ್ಲಿ ಮಂಗಳೂರು ಕನ್ನಡ ಎಂದರೆ ಹೋಟೆಲ್ ಭಟ್ಟರು, ಅದೂ ನಗಿಸಲಿಕ್ಕೆ. 2017ರಲ್ಲಿ ರಾಜ್ ಬಿ. ಶೆಟ್ಟಿ ‘ಒಂದು ಮೊಟ್ಟೆಯ ಕಥೆ’ ಮಾಡಿ, ಆ ಮಾತನ್ನು ಕನ್ನಡ ಮೇಷ್ಟ್ರ ಬಾಯಿಗೆ ಕೊಟ್ಟು, ಅವರನ್ನೇ ನಾಯಕ ಮಾಡಿದರು. 2025ರ ‘ಸು ಫ್ರಮ್ ಸೋ’ ಹೊತ್ತಿಗೆ ಇಡೀ ರಾಜ್ಯ ಆ ಭಾಷೆ ಕೇಳಲು ಟಿಕೆಟ್ ತೆಗೆಯಿತು. ಪುರ್ತಗೇರಿಯ ನಮಗೂ ಎಲ್ಲವೂ ತಿಳಿಯಿತು. ಹಾಗಾದರೆ ನಮ್ಮ ಮಾತು ಬೆಂಗಳೂರಿನವರಿಗೆ ತಿಳಿಯುವುದಿಲ್ಲ ಎಂಬ ಮಾತು ನಿಲ್ಲುತ್ತದೆಯೇ?

ನಮ್ಮವರು ಸುಮ್ಮನೆ ಕೂತಿಲ್ಲ. ಯೂಟ್ಯೂಬ್ ತೆರೆದರೆ ಮಲ್ಲು ಜಮಖಂಡಿ, ಶಿವಪುತ್ರ, ಹೀಗೆ ಸಾಲುಸಾಲು ‘ಉತ್ತರ ಕರ್ನಾಟಕ ಕಾಮಿಡಿ’. ಹೊಲದ ಬದುವಿನಲ್ಲಿ, ಒಂದೇ ಕ್ಯಾಮೆರಾದಲ್ಲಿ, ಎಂಥ ಚುರುಕು! ಆದರೆ ಕುಡುಕ ಗಂಡ, ಲಟ್ಟಣಿಗೆ ಹಿಡಿದ ಹೆಂಡತಿ ಎಂದು ಎಷ್ಟು ದಿನ? ಟಿವಿಯವರು ಕೊಟ್ಟ ಪಾತ್ರವನ್ನೇ ನಾವೂ ಮಾಡುತ್ತ ಕೂತರೆ ಅವರನ್ನು ದೂರುವುದು ಹೇಗೆ? ಬೇರೆ ದಾರಿಯೂ ಇದೆ. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ, ‘ಸರಿಗಮಪ’ದಲ್ಲಿ ಹಾಡಿ ಹೆಸರಾದವರು, ಬಿಗ್ ಬಾಸ್ 11ನೇ ಸೀಸನ್ನಿಗೆ ನಡುವೆ ಹೋಗಿ 2025ರ ಜನವರಿಯಲ್ಲಿ ಗೆದ್ದೇಬಿಟ್ಟರು. ಲುಂಗಿ ಬಿಡಲಿಲ್ಲ, ಮಾತು ಬದಲಿಸಲಿಲ್ಲ. ವೋಟು ಹಾಕಿದವರೆಲ್ಲ ಈ ಕಡೆಯವರೇ ಏನು? ನಮ್ಮ ಕಡೆಯ ಬನಶಂಕರಿ ಜಾತ್ರೆಗೂ ಹೋಗಿ ಬನ್ನಿ. ನಾಟಕ ಕಂಪನಿಗಳ ಡೇರೆಗಳಲ್ಲಿ ನಾಯಕ, ಖಳನಾಯಕ, ನಾಯಕಿ ಎಲ್ಲ ಇದೇ ಮಾತಾಡುತ್ತಾರೆ. ಮಂದಿ ರೊಕ್ಕ ಕೊಟ್ಟು ರಾತ್ರಿಯೆಲ್ಲ ಕೂತು ನೋಡುತ್ತಾರೆ.

ವಾಹಿನಿಯವರಿಗೆ ಒಂದು ಸಲಹೆ, ಪುಕ್ಕಟೆ. ಕತೆಗಾಗಿ ಮರಾಠಿಗೆ, ತೆಲುಗಿಗೆ ಹೋಗಬೇಡಿ. ರಾವ್ ಬಹಾದ್ದೂರರ ಕಾದಂಬರಿ ‘ಗ್ರಾಮಾಯಣ’ ಇದೆ. ಕಲಬುರಗಿಯ ಗೀತಾ ನಾಗಭೂಷಣರ ‘ಬದುಕು’ ಇದೆ, ಅದಕ್ಕೆ 2004ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಹಕ್ಕು ಕೇಳಿ ತೆಗೆದುಕೊಳ್ಳಿ, ಧಾರಾವಾಹಿ ಮಾಡಿ. ಪಾತ್ರಗಳ ಮಾತನ್ನು ಆ ಲೇಖಕರೇ ಬರೆದಿಟ್ಟಿದ್ದಾರೆ. ಸಂಭಾಷಣೆಯ ಖರ್ಚೂ ಉಳಿಯುತ್ತದೆ.