ಒಲೆಯಿಂದ ಓಲೆ
ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರ ತೋಳು ತುಂಬ ಬಿಳಿ ಬಳೆ. ಹಿಂದೆ ದಂತದವು, ಎಲುಬಿನವು. ಈಗ ಹೆಚ್ಚಾಗಿ ಪ್ಲಾಸ್ಟಿಕ್. ಹಾಗಾಗಿ ಪ್ಲಾಸ್ಟಿಕ್ ಒಡವೆಗೆ ಯಾರೂ ಮೂಗು ಮುರಿಯಬೇಕಿಲ್ಲ. ಮನೆಯಲ್ಲೇ ಮಾಡಿಕೊಳ್ಳುವ ಹುಮ್ಮಸ್ಸಿದ್ದವರಿಗೆ ಪಾಲಿಸ್ಟೈರೀನ್‌ನ ಕುಗ್ಗುವ ಹಾಳೆ ಇದೆ. ಚಿತ್ರ ಬರೆದು, ಕತ್ತರಿಸಿ, ಕೊಕ್ಕೆಗೆ ತೂತು ಮೊದಲೇ ಕೊರೆದು, ಸುಮಾರು 160 ಡಿಗ್ರಿ ಕಾವಿನ ಓವನ್‌ನಲ್ಲಿಟ್ಟರೆ ಹಾಳೆ ಮುದುಡುತ್ತದೆ (ಕೆಟ್ಟೇ ಹೋಯಿತು ಅನ್ನಿಸುವುದು ಆಗಲೇ), ಮತ್ತೆ ಚಪ್ಪಟೆಯಾಗುತ್ತದೆ. ಅಂಗೈಯಗಲದ ನವಿಲು ಅರ್ಧಕ್ಕೂ ಕಿರಿದಾಗಿ, ದಪ್ಪಗಾಗಿ ಕಿವಿಗೆ ಒಪ್ಪುತ್ತದೆ. ಕಾರ್ಖಾನೆಯಲ್ಲಿ ಹಿಗ್ಗಿಸಿದ ಅಣುಸರಪಳಿಗಳು ಕಾವಿಗೆ ಮತ್ತೆ ಸುರುಳಿಯಾಗುವುದೇ ಇದರ ಗುಟ್ಟು. ಪಿವಿಸಿ ಪೈಪಿನ ತುಂಡನ್ನು ಮಾತ್ರ ಕರಗಿಸಬೇಡಿ. ಅದರ ಹೈಡ್ರೋಜನ್ ಕ್ಲೋರೈಡ್ ಹೊಗೆ ಕಣ್ಣು, ಗಂಟಲು ಉರಿಸುತ್ತದೆ. ಹಾಳೆ ಕಾಯಿಸುವಾಗಲೂ ಕಿಟಕಿ ತೆರೆದಿಡಿ, ರೊಟ್ಟಿ ಹಂಚನ್ನು ಇದಕ್ಕೆ ಬಳಸಬೇಡಿ.